ನಾಯಿಯ ಕಿವಿ ಆಪರೇಷನ್: ಮಾಡಿಸಬಹುದಾ?

ಕಾಕರ್ ಸ್ಪ್ಯಾನಿಯಲ್‌ಗೆ ಕಿವಿ ಸೋರೋದು ನಿಲ್ಲುತ್ತಿಲ್ಲ, ಡಾಕ್ಟರು ಕಿವಿಯ ನಾಳವನ್ನೇ ತೆಗೆಯಬೇಕು ಅಂದಿದ್ದಾರೆ, ಕಿವುಡಾಗುತ್ತಾ ಅಂತ ಕೇಳಿದ್ದೀರಿ. ಆ ಕಿವಿಯಲ್ಲಿ ಕೇಳಿಸುವುದು ಬಹುಪಾಲು ಹೋಗುತ್ತದೆ, ನಿಜ. ಆದರೆ ನಾಳ ಊದಿ, ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಈಗಲೂ ಸರಿಯಾಗಿ ಕೇಳಿಸುತ್ತಿರುವುದಿಲ್ಲ. ಡ್ರಾಪ್ಸ್ ಕೂಡ ಒಳಗೆ ಇಳಿಯುವುದಿಲ್ಲ. ಅಂಥ ಹಂತದಲ್ಲಿ ಮಾಡಿಸುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ನಾಳ ತೆಗೆದು, ಅದರ ಒಳಗಡೆ ಇರುವ ನಡುಗಿವಿಯ ಮೂಳೆಗೂಡನ್ನೂ ತೆರೆದು ಕೀವು ಶುಚಿ ಮಾಡುತ್ತಾರೆ. ಜೋಲುಕಿವಿ ಹಾಗೇ ಉಳಿಯುತ್ತದೆ. ಮುಖದ ನರ ಪಕ್ಕದಲ್ಲೇ ಹಾದುಹೋಗುವುದರಿಂದ ಕೆಲವು ನಾಯಿಗಳಿಗೆ ಆಮೇಲೆ ಕಣ್ಣು ಮಿಟುಕಿಸಲು ಆಗುವುದಿಲ್ಲ. ಹೆಚ್ಚಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ಕಣ್ಣು ಒಣಗದಂತೆ ಡ್ರಾಪ್ಸ್ ಹಾಕುತ್ತಿರಿ. ಆಪರೇಷನ್‌ಗೆ ಮೊದಲು ಸಿಟಿ ಸ್ಕ್ಯಾನ್ ಮಾಡಿಸಿ. ಇದೇ ಆಪರೇಷನ್ ಜಾಸ್ತಿ ಮಾಡಿರುವ ಸರ್ಜನ್ ಹತ್ತಿರವೇ ಹೋಗಿ. ಕಿವಿ ಸೋರಲು ಅಲರ್ಜಿ ಕಾರಣವಾಗಿದ್ದರೆ ಅದರ ಔಷಧ ಬಿಡಬೇಡಿ, ಇನ್ನೊಂದು ಕಿವಿಯನ್ನಾದರೂ ಉಳಿಸಿಕೊಳ್ಳಬೇಕಲ್ವಾ?