ಕೀಮೋ ನಡೆಯುವಾಗ ಹಕ್ಕಿ ನೋಡುವವರಿಗೆ: ಕಾಳು ತೆಗೀರಿ, ಹನಿ ನೀರು ಕಟ್ಟಿ

ಅಕ್ಕಾ, ನಿಮ್ಮ ಪೋಸ್ಟ್ ನೋಡಿ ಸುಮ್ಮನಿರೋಕೆ ಆಗಲಿಲ್ಲ. ಕೀಮೋದ ಎರಡನೇ ಸೈಕಲ್, ಅಂದರೆ ಎರಡನೇ ಸುತ್ತು, ಮುಗಿಸಿ ಮನೆಗೆ ಬಂದಿದ್ದೀರಿ. ಹೊತ್ತು ಹೋಗಲಿ ಅಂತ ಬಾಲ್ಕನಿಯಲ್ಲಿ ಕಾಳಿನ ಟ್ರೇ ಇಟ್ಟಿದ್ದೀರಿ. ದಿನಾ ಬೆಳಿಗ್ಗೆ ನೀವೇ ಹಿಕ್ಕೆ ಗುಡಿಸಿ ಟ್ರೇ ತೊಳೆಯುತ್ತೀರಿ. ಫೋಟೋದಲ್ಲಿ ಟ್ರೇ ತುಂಬ ಪಾರಿವಾಳ, ನಿಮ್ಮ ಕುತ್ತಿಗೆಯಲ್ಲಿ ಹೊಸ ನಿಕಾನ್ ಅಕ್ಯುಲಾನ್ 10×50 ಬೈನಾಕ್ಯುಲರ್. ನನ್ನ ಟ್ರೀಟ್‌ಮೆಂಟ್ ವೇಳೆ ನಾನೂ ಹೀಗೇ ಬರಿಗೈಯಲ್ಲಿ ಟ್ರೇ ಉಜ್ಜುತ್ತಿದ್ದೆ. ಬಿಳಿ ರಕ್ತಕಣದ ಕೌಂಟ್ ಬಿದ್ದ ವಾರದಲ್ಲೇ ಜ್ವರ ಬಂದು ಅಡ್ಮಿಟ್ ಆದೆ. ಟ್ರೇಯಿಂದಲೇ ಬಂತು ಅಂತ ಯಾರೂ ಹೇಳಲಿಲ್ಲ, ಹೇಳೋಕೂ ಆಗಲ್ಲ. ಆದರೂ ಇನ್ನೊಬ್ಬರು ಅದನ್ನೇ ಮಾಡುವುದನ್ನು ನೋಡಿಕೊಂಡು ಕೂರಲಾರೆ.

ಮೊದಲು ಆ ಕಾಳು ನಿಲ್ಲಿಸಿ. ನಾಳೆ ಅಲ್ಲ, ಇವತ್ತೇ. ಪಾರಿವಾಳದ ಹಿಕ್ಕೆಯಲ್ಲಿ ಕ್ರಿಪ್ಟೋಕಾಕಸ್ ಅನ್ನುವ ಫಂಗಸ್ ಬೆಳೆಯುತ್ತದೆ. ಸಿಟಕೋಸಿಸ್ ಅನ್ನುವ ನ್ಯುಮೋನಿಯಾ ಥರದ ಕಾಯಿಲೆಯೂ ಹಕ್ಕಿಯ ಹಿಕ್ಕೆಯ ಧೂಳಿನಿಂದ ಬರುತ್ತದೆ. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಿದರೆ ಅದೆಲ್ಲ ನೇರ ಮೂಗಿಗೆ. ನೆಂದ ಕಾಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೇರೆ. ನಿಮ್ಮ ಪೋಸ್ಟ್ ಕೆಳಗೆ ಒಂದಿಬ್ಬರು "ಏನೂ ಆಗಲ್ಲ, ನಾವು ವರ್ಷಗಟ್ಟಲೆ ಹಾಕ್ತಿದ್ದೀವಿ" ಅಂತ ಬರೆದಿದ್ದಾರೆ. ಅವರಿಗೆ ಏನೂ ಆಗದೇ ಇರಬಹುದು, ನಿಜ. ಅವರ ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ) ಕೌಂಟ್ ಸರಿಯಾಗಿದೆ. ದಯವಿಟ್ಟು ಕೀಮೋದಲ್ಲಿರುವವರಿಗೆ ಇಂಥ ಸಲಹೆ ಕೊಡಬೇಡಿ.

ಈಗ ಬಿದ್ದಿರುವ ಹಿಕ್ಕೆಯನ್ನು ಮನೆಯಲ್ಲಿ ಬೇರೆ ಯಾರಾದರೂ ತೆಗೆಯಲಿ. ಮೊದಲು ನೀರು ಚಿಮುಕಿಸಿ ನೆನೆಸಬೇಕು. ಆಮೇಲೆ ಗ್ಲೌಸ್, ಮಾಸ್ಕ್ ಹಾಕಿಕೊಂಡು ಒರೆಸಬೇಕು, ಗುಡಿಸಬಾರದು. ಆ ಹೊತ್ತಿಗೆ ನೀವು ಒಳಗಿರಿ, ಬಾಗಿಲು ಹಾಕಿರಲಿ. ಸಾಮಾನ್ಯವಾಗಿ ಡೋಸ್ ಆದ 7ರಿಂದ 14 ದಿನಗಳ ನಡುವೆ ಕೌಂಟ್ ತೀರಾ ಕೆಳಗಿರುತ್ತದೆ. ಔಷಧಿ ಮೇಲೆ ಇದು ಹಿಂದೆಮುಂದೆ ಆಗುತ್ತದೆ, ನಿಮ್ಮದು ಯಾವಾಗ ಅಂತ ನರ್ಸ್ ಹತ್ತಿರ ಕೇಳಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡಿ. ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ. ನಿಮ್ಮ ಆಸ್ಪತ್ರೆಯವರು ಇದಕ್ಕಿಂತ ಕಡಿಮೆ ಅಂಕೆ ಹೇಳಿದ್ದರೆ ಅದನ್ನೇ ನಂಬಿ.

ಈಗ ನನಗೆ ಫಲ ಕೊಟ್ಟ ವಿಷಯ. ಹಕ್ಕಿ ಬರೋಕೆ ಕಾಳೇ ಬೇಕಿಲ್ಲ, ನೀರು ಸಾಕು. ಅದೂ ತಟ್ಟೆಯಲ್ಲಿ ನಿಂತ ನೀರಿಗಿಂತ ತೊಟ್ಟಿಕ್ಕುವ ನೀರು. ಕಾಳಿಗೆ ಪಾರಿವಾಳ, ಗುಬ್ಬಚ್ಚಿ ಬರುತ್ತವೆ. ಹುಳು ತಿನ್ನುವ, ಹಣ್ಣು ತಿನ್ನುವ, ಮಕರಂದ ಕುಡಿಯುವ ಹಕ್ಕಿ ಟ್ರೇ ಕಡೆ ತಿರುಗಿಯೂ ನೋಡಲ್ಲ. ನೀರು ಎಲ್ಲರಿಗೂ ಬೇಕು.

ಮಾಡುವ ರೀತಿ ಸುಲಭ. ಮೆಡಿಕಲ್ ಶಾಪ್‌ನಲ್ಲಿ ಸಲೈನ್ ಹಾಕುವ ಹೊಸ ಡ್ರಿಪ್ ಸೆಟ್ ಒಂದು ತರಿಸಿ. ಹೊಸದು ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ನಿಮಗೆ ಕೀಮೋ ಹಾಕಿದ ಪೈಪ್, ಪಂಪ್, ಬಾಟಲ್ ಯಾವುದನ್ನೂ ಇದಕ್ಕೆ ಬಳಸಬಾರದು, ತೊಳೆದರೂ ಬಳಸಬಾರದು. ಅದು ವಿಷದ ಕಸ, ಆಸ್ಪತ್ರೆಯವರು ಹೇಳಿದ ಹಾಗೇ ವಾಪಸ್ ಹೋಗಬೇಕು. ಎರಡು ಲೀಟರ್ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ ತೂತು ಮಾಡಿ, ಸೆಟ್‌ನ ಚೂಪು ತುದಿಯನ್ನು ಬಿಗಿಯಾಗಿ ತೂರಿಸಿ. ಬಾಟಲಿಯನ್ನು ತಲೆಕೆಳಗು ನೇತುಹಾಕಿ. ಈಗ ಮೇಲೆ ಬಂದ ತಳದಲ್ಲಿ ಗಾಳಿಗೆ ಒಂದು ಸಣ್ಣ ತೂತು ಬೇಕು, ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ಹನಿ ನಿಂತುಹೋಗುತ್ತದೆ. ಸೂಜಿಯನ್ನು ಸಿಕ್ಕಿಸುವುದೇ ಬೇಡ. ಈ ಕೆಲಸವೆಲ್ಲ ಮನೆಯವರು ಮಾಡಲಿ, ನೀವು ಕುರ್ಚಿಯಲ್ಲಿ ಕೂತು ಹೇಳಿಕೊಡಿ.

ಪೈಪ್ ಮೇಲಿರುವ ಚಿಕ್ಕ ಗಾಲಿ ತಿರುಗಿಸಿ ಎರಡು ಸೆಕೆಂಡಿಗೆ ಒಂದು ಹನಿ ಬೀಳುವಂತೆ ಇಡಿ. ಸೆಟ್‌ನ ಕವರ್ ಮೇಲೆ 20 ಹನಿಗೆ 1 ಮಿಲಿ ಅಂತ ಇದ್ದರೆ, ಈ ಲೆಕ್ಕದಲ್ಲಿ ಗಂಟೆಗೆ 90 ಮಿಲಿ ಇಳಿಯುತ್ತದೆ. ಎರಡು ಲೀಟರ್ ಹೆಚ್ಚುಕಮ್ಮಿ 22 ಗಂಟೆ ಬರುತ್ತದೆ. ನೀರು ಕಡಿಮೆಯಾದಂತೆ ಹನಿಯೂ ನಿಧಾನವಾಗುತ್ತದೆ, ಮಧ್ಯಾಹ್ನ ಒಂದು ಸಲ ಗಾಲಿ ಸರಿಮಾಡಬೇಕು. ಕೆಳಗೆ ಅಂಗೈ ಅಗಲದ ತಟ್ಟೆ ಸಾಕು. ಎರಡು ಮೂರು ಸೆಂಟಿಮೀಟರ್‌ಗಿಂತ ಆಳ ಬೇಡ, ಕಾಲು ಜಾರದಂತೆ ಒಳಗೊಂದು ಒರಟು ಕಲ್ಲು ಇಡಿಸಿ. ಅಗಲದ ತಟ್ಟೆ ಇಟ್ಟರೆ ಮತ್ತೆ ಪಾರಿವಾಳ ಬಂದು ಕೂರುತ್ತದೆ. ಗಿಡದ ಮಧ್ಯೆ ತೂಗಾಡುವಂತೆ ಕಟ್ಟಿದರೆ ಅದಕ್ಕೆ ಕೂರೋಕೆ ಕಷ್ಟ.

ಪಿಕಳಾರ ಮೊದಲು ಬರುತ್ತದೆ. ತಟ್ಟೆಯ ನೀರು ಬಿಟ್ಟು ಪೈಪಿನ ತುದಿಯನ್ನೇ ನೋಡುತ್ತದೆ. ಹನಿ ದಪ್ಪಗಾಗುತ್ತಾ ಬಂದಾಗ ಕತ್ತು ಓರೆ ಮಾಡಿ, ಅದು ಬೀಳುವ ಮುಂಚೆಯೇ ಕೊಕ್ಕಿನಲ್ಲಿ ಕಿತ್ತುಕೊಳ್ಳುತ್ತದೆ. ಬಾಲದ ಬುಡದ ಕೆಂಪು ಆಗ ಚೆನ್ನಾಗಿ ಕಾಣುತ್ತದೆ. ಸೂರಕ್ಕಿ ತಟ್ಟೆಗೆ ಇಳಿಯುವುದು ಅಪರೂಪ. ಅದಕ್ಕೆ ಹನಿ ಎಲೆಯ ಮೇಲೆ ಬೀಳಬೇಕು. ಒದ್ದೆ ಎಲೆಗೆ ಎದೆ ಉಜ್ಜಿ ಸ್ನಾನ ಮಾಡುತ್ತದೆ. ಬೆಳ್ಗಣ್ಣ, ಟುವ್ವಿ ಹಕ್ಕಿಗೂ ಎಲೆಯೇ ಇಷ್ಟ. ಅದಕ್ಕೇ ಪೈಪಿನ ತುದಿಯ ಕೆಳಗೆ ಒಂದು ಅಗಲದ ಎಲೆ ಬರುವಂತೆ ಕುಂಡ ಸರಿಸಿ, ಎಲೆಯಿಂದ ತಟ್ಟೆಗೆ ಬೀಳಲಿ.

ನೀರಿನ ತಟ್ಟೆಗೂ ಹಿಕ್ಕೆ ಬೀಳುತ್ತದೆ, ಅದನ್ನು ಮರೆಯಬೇಡಿ. ದಿನಾ ನೀರು ಚೆಲ್ಲಿ ಉಜ್ಜಬೇಕು, ದಿನಾ ಚೆಲ್ಲಿದರೆ ಸೊಳ್ಳೆ ಮರಿಯೂ ಆಗಲ್ಲ. ವಾರಕ್ಕೊಮ್ಮೆ ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಹಾಕಿ ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಬೇಕು. ಇದನ್ನು ಮಾಡುವವರು ಮನೆಯಲ್ಲಿ ಯಾರೂ ಇಲ್ಲ ಅಂದರೆ ನೀರೂ ಇಡಬೇಡಿ. ಹೂಬಿಡುವ ಗಿಡದ ಎದುರಿಗೆ ಕುರ್ಚಿ ಹಾಕಿಕೊಳ್ಳಿ, ಅಷ್ಟೇ ಸಾಕು. ಆ ಗಿಡದ ಮಣ್ಣನ್ನೂ ಗೊಬ್ಬರವನ್ನೂ ನೀವು ಕೆದಕಬೇಡಿ, ಅದರಲ್ಲಿ ಆಸ್ಪರ್ಜಿಲಸ್ ಅನ್ನುವ ಫಂಗಸ್ ಇರುತ್ತದೆ.

ಕಿಟಕಿಯ ವಿಷಯ. ತಟ್ಟೆ ಗಾಜಿನಿಂದ ಒಂದು ಮೀಟರ್ ಒಳಗಿರಲಿ, ಇಲ್ಲವೇ ಹತ್ತು ಮೀಟರ್ ಆಚೆಗಿರಲಿ. ನಡುವೆ ಇಟ್ಟರೆ ಬೆದರಿದ ಹಕ್ಕಿ ಪೂರ್ತಿ ವೇಗದಲ್ಲಿ ಗಾಜಿಗೆ ಹೊಡೆಯುತ್ತದೆ. ಗಾಜಿನ ಹೊರಮೈಗೆ ಐದು ಸೆಂಟಿಮೀಟರ್ ಅಂತರದಲ್ಲಿ ಚುಕ್ಕಿ ಅಂಟಿಸಿ. ಒಂದೇ ಒಂದು ಗಿಡುಗನ ಸ್ಟಿಕ್ಕರ್ ಅಂಟಿಸಿ ಬಿಡುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಗಾಜಿಗೆ ಹೊಡೆದು ಬಿದ್ದ ಹಕ್ಕಿಯನ್ನು ನೀವು ಮುಟ್ಟಬೇಡಿ, ಎಷ್ಟೇ ಕರುಳು ಚುರ್ ಅಂದರೂ.

ಇನ್ನು ಆ ಬೈನಾಕ್ಯುಲರ್. ನಿಕಾನ್ ಒಳ್ಳೆಯ ಕಂಪನಿ, ಗಾಜಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಮಾಡೆಲ್ ನಿಮಗಲ್ಲ. ತೂಕ ಹತ್ತಿರ ಹತ್ತಿರ 900 ಗ್ರಾಂ. 7 ಮೀಟರ್‌ಗಿಂತ ಹತ್ತಿರದ್ದು ಫೋಕಸ್ಸೇ ಆಗಲ್ಲ, ಕಿಟಕಿ ಪಕ್ಕದ ತಟ್ಟೆ ಬರೀ ಮಸುಕು. 10 ಪಟ್ಟು ದೊಡ್ಡದು ಮಾಡುವಾಗ ಕೈ ನಡುಕವೂ 10 ಪಟ್ಟಾಗುತ್ತದೆ. ವಾಂತಿ ಬರುವ ಹಾಗಿರುವ ದಿನ ಆ ಅಲುಗಾಟ ನೋಡಿದರೆ ಮುಗಿಯಿತು. ಅಂಗಡಿಯವರು "ಜಾಸ್ತಿ ಪವರ್ ಒಳ್ಳೇದು" ಅನ್ನುತ್ತಾರೆ. ಕೂತು ನೋಡುವ ರೋಗಿಗೆ ಅದು ತಪ್ಪು ಮಾತು. ಪೆಂಟಾಕ್ಸ್ ಪಪಿಲಿಯೊ 6.5×21 ನೋಡಿ. 290 ಗ್ರಾಂ, ಅರ್ಧ ಮೀಟರ್‌ನಿಂದಲೇ ಫೋಕಸ್ ಆಗುತ್ತದೆ. ಮಬ್ಬು ಬೆಳಕಿನಲ್ಲಿ ಸ್ವಲ್ಪ ಕತ್ತಲಾಗಿ ಕಾಣುತ್ತದೆ, ದೂರದ ಗಿಡುಗಕ್ಕೆ ಸಾಲದು. ಅಂಗಳಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಹೊಸದು ಕೊಳ್ಳಲಾಗದಿದ್ದರೆ ಈಗಿನದನ್ನು ಟ್ರೈಪಾಡ್ ಮೇಲೆ ಕೂರಿಸಿ ದೂರದ ಮರಕ್ಕೆ ತಿರುಗಿಸಿಡಿ. ತೊಡೆ ಮೇಲೆ ಗಟ್ಟಿ ದಿಂಬು ಇಟ್ಟು ಮೊಣಕೈ ಊರಿದರೆ ತೋಳಿಗೆ ಭಾರ ಬೀಳಲ್ಲ.

ಎದೆಯಲ್ಲಿ ಕೀಮೋ ಪೋರ್ಟ್ (ಔಷಧಿ ಹಾಕಲು ಚರ್ಮದಡಿ ಕೂರಿಸಿದ ಚಿಕ್ಕ ಡಬ್ಬಿ) ಇದ್ದರೆ ಕುತ್ತಿಗೆ ಪಟ್ಟಿ ಬೇಡವೇ ಬೇಡ, ಭಾರವೆಲ್ಲ ಅದರ ಮೇಲೆ ಬಡಿಯುತ್ತದೆ. ತೋಳಿನಲ್ಲಿ ಪಿಕ್ ಲೈನ್ (ರಕ್ತನಾಳಕ್ಕೆ ಹಾಕಿಟ್ಟ ತೆಳ್ಳನೆಯ ಪೈಪ್) ಇದ್ದರೆ ಕುರ್ಚಿಯ ಕೈಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. 46 ಗಂಟೆ ನಿಧಾನವಾಗಿ ಕೀಮೋ ಇಳಿಸುವ ಬಲೂನ್ ಪಂಪ್ ಮನೆಗೆ ಕೊಟ್ಟು ಕಳಿಸಿದ್ದರೆ ಅದನ್ನು ಬಿಸಿಲಿಗೆ ಒಡ್ಡಬೇಡಿ, ಬಿಸಿಯಾದರೆ ಔಷಧಿ ಬೇಗ ಇಳಿಯುತ್ತದೆ. ಫ್ಲೋರೋಯುರಾಸಿಲ್, ಮೆಥೋಟ್ರೆಕ್ಸೇಟ್ ಥರದ ಕೀಮೋ ಔಷಧಿಗಳಲ್ಲಿ ಚರ್ಮವೂ ಬಿಸಿಲಿಗೆ ಬೇಗ ಸುಡುತ್ತದೆ. ಆಕ್ಸಾಲಿಪ್ಲಾಟಿನ್ ತಗೊಂಡ ಮೇಲೆ ಕೆಲವು ದಿನ ತಣ್ಣನೆಯ ಲೋಹ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಬೈನಾಕ್ಯುಲರ್ ರಾತ್ರಿ ಒಳಗಿರಲಿ, ಬೆಳಿಗ್ಗೆ ಗ್ಲೌಸ್ ಹಾಕಿ ಹಿಡಿಯಿರಿ.

"ಲೆನ್ಸ್ ಮಂಜಾಗುತ್ತಿದೆ" ಅಂತಲೂ ಬರೆದಿದ್ದೀರಿ. ಲೆನ್ಸ್ ಒರೆಸಿ ಒರೆಸಿ ಹಾಳು ಮಾಡಬೇಡಿ. ಡೋಸಿಟ್ಯಾಕ್ಸೆಲ್, ಫ್ಲೋರೋಯುರಾಸಿಲ್‌ನಲ್ಲಿ ಕಣ್ಣಲ್ಲಿ ನೀರು ಬರುವುದು ಸಾಮಾನ್ಯ. ಡಾಕ್ಟರಿಗೆ ಹೇಳಿ. ಹಾಗೇ ಸಿಸ್‌ಪ್ಲಾಟಿನ್ ತೆಗೆದುಕೊಳ್ಳುವ ಬೇರೆಯವರೂ ಇಲ್ಲಿದ್ದಾರೆ, ಅವರಿಗೊಂದು ಮಾತು. ಅದು ಕಿವಿಯಿಂದ ಮೊದಲು ಕಸಿಯುವುದು ತೀರಾ ಕೀಚಲು ಸ್ವರಗಳನ್ನು. ಬದನಿಕೆ ಹಕ್ಕಿಯ ಟಿಕ್ ಟಿಕ್ ಮನೆಯವರಿಗೆ ಕೇಳಿ ನಿಮಗೆ ಕೇಳದಿದ್ದರೆ, ಅಥವಾ ಕಿವಿ ಗುಂಯ್ ಅಂದರೆ, ಮುಂದಿನ ಡೋಸ್‌ಗೆ ಮುಂಚೆಯೇ ತಿಳಿಸಿ.

ಏಳಲಾಗದ ದಿನ ಮಲಗಿಯೇ ಕೇಳಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರ ಮರ್ಲಿನ್ ಆಪ್ ಉಚಿತ, ಕೂಗು ಕೇಳಿ ಹೆಸರು ಹೇಳುತ್ತದೆ. ಎರಡು ಮೂರು ಹಕ್ಕಿ ಒಟ್ಟಿಗೆ ಕೂಗಿದರೆ ತಪ್ಪು ಹೇಳಬಹುದು, ಕಣ್ಣಿಂದ ನೋಡದೆ ಪಟ್ಟಿಗೆ ಸೇರಿಸಬೇಡಿ. ಅದರಲ್ಲಿರುವ ಕೂಗನ್ನು ಜೋರಾಗಿ ಹಾಕಿ ಹಕ್ಕಿ ಕರೆಯುವುದಂತೂ ಬೇಡ. ಬೇರೆ ಗಂಡು ಬಂತು ಅಂತ ಅದು ಗೂಡು ಬಿಟ್ಟು ಓಡಿ ಬರುತ್ತದೆ.

ಒಂದು ಪುಸ್ತಕ ಇಟ್ಟುಕೊಳ್ಳಿ. ತಾರೀಖು, ಸೈಕಲ್‌ನ ಎಷ್ಟನೇ ದಿನ, ಜ್ವರ ಎಷ್ಟು, ಹದಿನೈದು ನಿಮಿಷದಲ್ಲಿ ಯಾವ ಹಕ್ಕಿ ಎಷ್ಟು. ಒಂದೇ ಕುರ್ಚಿ, ಒಂದೇ ಹೊತ್ತು. ಹದಿನೈದು ನಿಮಿಷ ಏಕೆಂದರೆ ಫೆಬ್ರವರಿಯಲ್ಲಿ ಬರುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ಜನರ ಹಕ್ಕಿ ಎಣಿಕೆಗೂ ಕನಿಷ್ಠ ಅಷ್ಟೇ ಹೊತ್ತು ಎಣಿಸಬೇಕು. 1998ರಿಂದ ನಡೆಯುತ್ತಿದೆ, ನಾಲ್ಕು ದಿನ. ಕುರ್ಚಿ ಬಿಟ್ಟು ಏಳದೆ ಕೊಟ್ಟ ಲೆಕ್ಕವೂ ಅಲ್ಲಿ ಅಷ್ಟೇ ಬೆಲೆಯದ್ದು. ಸುಸ್ತಾದ ದಿನ ಪುಟ ಖಾಲಿ ಇರಲಿ, ಪರವಾಗಿಲ್ಲ.

ಟ್ರೇ ತೆಗೆದ ಮೇಲೆ ಒಂದು ವಾರ ಏನೂ ಬರದೇ ಇರಬಹುದು, ಪಾರಿವಾಳ ಮಾತ್ರ ಬಂದು ಇಣುಕುತ್ತಿರುತ್ತದೆ. ಬೇಜಾರಾಗಿ ಮತ್ತೆ ಕಾಳು ಹಾಕಬೇಡಿ ಅಕ್ಕಾ. ಕಿಟಕಿ ಮತ್ತು ಕುಂಡಗಳ ಒಂದು ಫೋಟೋ ಹಾಕಿ, ಬಾಟಲಿ ಎಲ್ಲಿ ಕಟ್ಟಬಹುದು ಅಂತ ಗುರುತು ಮಾಡಿ ಕಳಿಸುತ್ತೇನೆ. ಪೋರ್ಟ್ ಯಾವ ಬದಿಗಿದೆ ಅಂತಲೂ ಬರೆಯಿರಿ, ಕುರ್ಚಿ ಯಾವ ಕಡೆ ತಿರುಗಿಸಬೇಕು ಅನ್ನುವುದು ಅದರ ಮೇಲೆ ಹೋಗುತ್ತದೆ.