ಗುಗ್ಗರಿ ಹಂಚಿದ್ದು ಸಾಕು, ತಮ್ಮಾ

ತಮ್ಮಾ,

ನಮ್ಮ ಪತ್ರಿಕೆಗೆ ನೀನು ಕಳಿಸಿದ ‘ಮೇ ತಿಂಗಳ ಭೂತಗಳು’ ಲೇಖನ ಬಂದು ಮುಟ್ಟಿತು. ಶ್ರಮ ಪಟ್ಟಿದ್ದೀಯ. ತಾರೀಖು ಸರಿ ಇವೆ, ಅಕ್ಷರವೂ ದುಂಡಗಿದೆ. ಹೊಗಳಿಕೆ ಇಷ್ಟು ಸಾಕಲ್ವಾ? ಈಗ ಜಗಳ.

ಹಳೇ ಇಂಗ್ಲಿಷ್ ದೆವ್ವದ ಸಿನಿಮಾಗಳ ಮೂವರು ನಟರ ಹುಟ್ಟುಹಬ್ಬ ಬೆನ್ನು ಬೆನ್ನಿಗೆ ಬರುತ್ತದೆ ಅನ್ನೋದು ನಿನ್ನ ವಿಷಯ. ಪೀಟರ್ ಕುಶಿಂಗ್ ಮೇ 26. ವಿನ್ಸೆಂಟ್ ಪ್ರೈಸ್, ಕ್ರಿಸ್ಟೋಫರ್ ಲೀ ಇಬ್ಬರೂ ಮೇ 27. ಇದನ್ನು ಓದಿ ನಾನೂ ಗೋಡೆಯ ಕ್ಯಾಲೆಂಡರ್ ನೋಡಿದೆ. ಆಮೇಲೆ ನಿನ್ನ ಸಾಲುಗಳಿಗೆ ಬಂದೆ.

‘1913ರಲ್ಲಿ ಪೀಟರ್ ಕುಶಿಂಗ್ ಎಂಬ ಮಹಾನ್ ನಟರು ಜನಿಸಿದರು.’ ಮುಂದಿನ ಪ್ಯಾರಾ: ‘1911ರಲ್ಲಿ ವಿನ್ಸೆಂಟ್ ಪ್ರೈಸ್ ಎಂಬ ಮಹಾನ್ ನಟರು ಜನಿಸಿದರು.’ ಅದರ ಮುಂದಿನದು: ‘1922ರಲ್ಲಿ ಕ್ರಿಸ್ಟೋಫರ್ ಲೀ ಎಂಬ ಮಹಾನ್ ನಟರು...’ ಮೂವರನ್ನೂ ಒಂದೇ ತೊಟ್ಟಿಲಿಗೆ ಹಾಕಿ ಗುಗ್ಗರಿ ಹಂಚಿಬಿಟ್ಟಿದ್ದೀಯ! ಹುಟ್ಟದವರು ಯಾರಿದ್ದಾರೆ ಹೇಳು? ಕುಶಿಂಗ್ ಮತ್ತು ಲೀ ತೆರೆ ಮೇಲೆ ಮತ್ತೆ ಮತ್ತೆ ಎದುರಾಳಿಗಳು, ಹೊರಗೆ ಜೀವದ ಗೆಳೆಯರು. ಅಂಥವರ ಹುಟ್ಟುಹಬ್ಬದ ನಡುವೆ ಒಂದೇ ರಾತ್ರಿ ಅಂತರ. ಅದನ್ನು ನೀನು ಬರೆದೇ ಇಲ್ಲ.

ಎರಡನೇ ಪುಟ. ‘ಡ್ರಾಕುಲಾ ಪಾತ್ರದಲ್ಲಿ ಲೀ ಅವರ ಅಭಿನಯ ಅತ್ಯಂತ ಭಯಾನಕವಾಗಿದ್ದು, ನೋಡುಗರ ಮೈ ಜುಮ್ಮೆನ್ನುತ್ತದೆ.’ ನನ್ನ ಮೈ ಜುಮ್ಮೆನ್ನಲಿಲ್ಲ, ತಮ್ಮಾ. ನೀನು ಏನು ನೋಡಿದೆ, ಅದನ್ನು ಬರಿ. 1966ರ ಡ್ರಾಕುಲಾ ಸಿನಿಮಾದಲ್ಲಿ ಲೀ ಒಂದೇ ಒಂದು ಮಾತೂ ಆಡುವುದಿಲ್ಲ. ಬರೀ ಹಿಸ್ ಅನ್ನುತ್ತಾನೆ, ಕಣ್ಣು ಕೆಂಪು ಮಾಡುತ್ತಾನೆ, ಆರೂವರೆ ಅಡಿ ಹತ್ತಿರದ ಆ ಆಳು ಸುಮ್ನೆ ಬಂದು ನಿಲ್ಲುತ್ತಾನೆ. 1958ರದ್ದರ ಕೊನೆಯಲ್ಲಿ ಕುಶಿಂಗ್ ಉದ್ದನೆಯ ಮೇಜಿನ ಮೇಲೆ ಓಡಿ, ಹಾರಿ, ಕಿಟಕಿಯ ಪರದೆ ಕಿತ್ತು ಹಾಕುತ್ತಾನೆ. ಬಿಸಿಲು ಒಳಗೆ ಬೀಳುತ್ತದೆ, ರಕ್ತ ಹೀರುವ ಡ್ರಾಕುಲಾಗೆ ಅದೇ ಸಾವು. ಎರಡು ಮೇಣದಬತ್ತಿ ಸ್ಟ್ಯಾಂಡು ಅಡ್ಡ ಹಿಡಿದು ಶಿಲುಬೆ ಮಾಡಿ, ಲೀಯನ್ನು ಆ ಬಿಸಿಲಿಗೇ ದೂಡುತ್ತಾನೆ. ಇದರಲ್ಲಿ ‘ಅತ್ಯಂತ’ ಎಲ್ಲಿದೆ? ಬೇಕೇ ಇಲ್ಲ.

‘ಕಾಲನ ಕರೆಗೆ ಓಗೊಟ್ಟು ಇಹಲೋಕ ತ್ಯಜಿಸಿದರು’ ಅಂತ ಮೂರು ಸಲ ಬಂದಿದೆ. ಮೂರೂ ಸಲ ಕೆಂಪು ಪೆನ್ನಿನಲ್ಲಿ ‘ತೀರಿಕೊಂಡರು’ ಅಂತ ಬರೆದೆ. ಮೂರನೇ ಸಲಕ್ಕೆ ಪೆನ್ನಿನ ನಿಬ್ಬೇ ಬಾಗಿತು.

ಈ ಸಿಟ್ಟಿಗೆ ಕಾರಣ ಇದೆ. ನಾನೂ ಹೀಗೇ ಬರೆದವನು. ವಿಜಯಪುರವನ್ನು ಇನ್ನೂ ಬಿಜಾಪುರ ಅಂತಿದ್ದ ಕಾಲ. ಅಲ್ಲಿನ ಒಂದು ಸಣ್ಣ ಪತ್ರಿಕೆಯಲ್ಲಿ ‘ಇಂದಿನ ವಿಶೇಷ’ ತುಂಬುವ ಕೆಲಸ ನನ್ನದು. ಅಚ್ಚಿನ ಮೊಳೆ ಜೋಡಿಸುವ ಅಜ್ಜ ಒಬ್ಬರಿದ್ದರು. ‘ಜನಿಸಿದರು’ ಅನ್ನೋ ಪದವನ್ನು ಅವರು ಒಮ್ಮೆ ಜೋಡಿಸಿದರೆ ಬಿಚ್ಚುತ್ತಲೇ ಇರಲಿಲ್ಲ, ಮರುದಿನ ಹೇಗೂ ನಾನು ಅದನ್ನೇ ಬರೆಯುತ್ತೇನೆ ಅಂತ. ಒಂದು ದಿನ ಕೇಳಿದರು: ‘ಹುಟ್ಟಿದ್ದು ಗೊತ್ತಾತಪಾ. ಆಮ್ಯಾಲೆ ಏನ್ ಮಾಡಿದ ಅಂವಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಸಲ ಅವರಿಗೆ ‘ನಾ ನಿನ್ನ ಬಿಡಲಾರೆ’ ನೋಡಿದ್ದು ಹೇಳಿದೆ. 1979ರ ದೆವ್ವದ ಸಿನಿಮಾ, ಅನಂತನಾಗ್ ಮತ್ತು ಲಕ್ಷ್ಮಿ ಇದ್ದದ್ದು. ನಾನು ನೋಡಿದ್ದು ಇಲ್ಲಿಯೇ, ಹಳೇ ಬಾಗಲಕೋಟೆಯ ಟಾಕೀಸಿನಲ್ಲಿ. ಆ ಟಾಕೀಸು ಈಗಿಲ್ಲ. ಇಂಟರ್ವಲ್ಲಿನಲ್ಲಿ ನಮ್ಮ ಸಾಲಿನ ಒಬ್ಬರೂ ಕತ್ತಲ ಕಡೆ ಮೂತ್ರಕ್ಕೆ ಎದ್ದು ಹೋಗಲಿಲ್ಲ. ಪಕ್ಕದ ಮುದುಕಿ ಸೆರಗಿನ ಗಂಟು ಬಿಚ್ಚಿ ನನ್ನ ಹಣೆಗೂ ವಿಭೂತಿ ಹಚ್ಚಿದಳು. ಅಜ್ಜ ನಕ್ಕು, ‘ಇದನ್ನ ಬರಿ’ ಅಂದರು. ಬರೆದೆ. ಜಾಗ ಇಲ್ಲ ಅಂತ ಅರ್ಧ ಕತ್ತರಿಸಿದರು, ಅದು ಬೇರೆ ಮಾತು.

ಪ್ರೈಸ್ ಬಗ್ಗೆ ನೀನು ಬರೆದದ್ದಕ್ಕೆ ನಾನು ಹೋಗುವುದಿಲ್ಲ. ಅಡುಗೆ ಪುಸ್ತಕ ಬರೆದ ದೆವ್ವದ ನಟ ಅನ್ನೋ ಒಂದು ಸಾಲು ಮಾತ್ರ ಉಳಿಸು, ಚೆನ್ನಾಗಿದೆ.

ಪರದೆ ಕಿತ್ತು ಬಿಸಿಲು ಬಿದ್ದಲ್ಲಿಂದ ಶುರು ಮಾಡು. ಹುಟ್ಟಿದ ತಾರೀಖು ಆಮೇಲೆ ಬರಲಿ. ಮೇ ಸಂಚಿಕೆಯ ಪುಟಗಳು ಏಪ್ರಿಲ್ 20ಕ್ಕೆ ಮುಗಿಯುತ್ತವೆ, ಅದರೊಳಗೆ ಕಳಿಸು. ಈ ಸಲ ಪುಟದ ನಂಬರ್ ಹಾಕು. ಮೊನ್ನೆ ಫ್ಯಾನಿನ ಗಾಳಿಗೆ ನಿನ್ನ ಹಾಳೆ ಹಾರಿ, ಲೀ ಸತ್ತ ಮೇಲೆ ಹುಟ್ಟಿದ.