ಬಿಳಿ ಗಾದಿಯ ಮೇಲೆ ಕೂರಲಾಗದ ಭಯ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಅವರು ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದರ ಹಿರಿಯ ಕೆಲಸಗಾರ. ವಯಸ್ಸು ಐವತ್ತರ ಆಸುಪಾಸು, ಮನೆ ಧಾರವಾಡದಲ್ಲಿ. ಬಿಳಿ ಹಾಸು ಹೊದಿಸಿದ ಗಾದಿಯ ಮೇಲೆ ಕುಳಿತು ದಿನವಿಡೀ ಸೀರೆ ಬಿಚ್ಚಿ ತೋರಿಸುವುದು ಅವರ ಕೆಲಸ. ಮಲಬದ್ಧತೆ ಹಳೆಯದು. ಪರಿಚಿತರೊಬ್ಬರ ಮಾತು ಕೇಳಿ ಕರುಳು ಶುದ್ಧಿಗೆಂದು ಎನಿಮಾ (ಗುದದ ಮೂಲಕ ಕರುಳಿಗೆ ನೀರು ಬಿಡುವುದು) ತೆಗೆದುಕೊಂಡರು. ಆ ದಿನ ವಿಶ್ರಾಂತಿ ಪಡೆಯಬೇಕಿತ್ತು. ಮದುವೆ ಸೀಸನ್ನಿನ ವ್ಯಾಪಾರ ಬಿಡಲಾಗದೆ ನೇರ ಅಂಗಡಿಗೆ ಹೋದರು. ಸೀರೆ ತೆಗೆಯಲು ಬಗ್ಗಿದಾಗ ಒಳಗೆ ಉಳಿದಿದ್ದ ನೀರು ತುಸು ಜಾರಿತು. ಗಾದಿಯ ಹಾಸಿನ ಮೇಲೆ ಬೀಳಲಿಲ್ಲ, ಯಾರಿಗೂ ತಿಳಿಯಲೂ ಇಲ್ಲ.

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದಾಗ ಆ ಘಟನೆ ನಡೆದು ಕೆಲವು ತಿಂಗಳಾಗಿತ್ತು. ಮತ್ತೆ ಒಮ್ಮೆಯೂ ಹಾಗಾಗಿರಲಿಲ್ಲ, ಆದರೆ ಬದುಕು ಕುಗ್ಗಿಹೋಗಿತ್ತು. ಬೆಳಗ್ಗೆ ಏನೂ ತಿನ್ನುತ್ತಿರಲಿಲ್ಲ. ಒಂದರ ಮೇಲೊಂದು ಎರಡು ಒಳಉಡುಪು, ಮೇಲೆ ಕಪ್ಪು ಪ್ಯಾಂಟ್. ತಾಸಿಗೊಮ್ಮೆ ಶೌಚಾಲಯ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಬಾಗಿಲು ನಿಲ್ದಾಣದಲ್ಲಿ ಮಾತ್ರ ತೆರೆಯುತ್ತದೆಂದು ಅದನ್ನು ಬಿಟ್ಟು, ಧಾರವಾಡದಿಂದ ಸುಮಾರು 20 ಕಿಲೋಮೀಟರ್ ಬೈಕಿನಲ್ಲಿ ಬರುತ್ತಿದ್ದರು. ಗಾದಿ ಬಿಟ್ಟು ಅಂಚಿನ ಸ್ಟೂಲಿನ ಮೇಲೆ ಕೂರುತ್ತಿದ್ದರು. ಮಾತನಾಡಿದ್ದು ಹೆಚ್ಚಾಗಿ ಅವರ ಹೆಂಡತಿ: “ಗದಗದಲ್ಲಿ ನನ್ನ ತಮ್ಮನ ಮಗಳ ಮದುವೆಗೂ ಇವರು ಬರಲಿಲ್ಲ ಮೇಡಂ. ಕಾರಣ ನನಗೂ ನಿನ್ನೆಯಷ್ಟೇ ಹೇಳಿದರು.”

ಮೊದಲು ಅವರನ್ನು ವೈದ್ಯರ ಬಳಿ ಕಳುಹಿಸಿದೆ. ಇಂಥ ಹೆದರಿಕೆಯನ್ನು ಕೇಳಿದೊಡನೆ ಮನಸ್ಸಿನದೆಂದು ತೀರ್ಮಾನಿಸುವುದು ಅನ್ಯಾಯ. ಗಟ್ಟಿ ಮಲ ತುಂಬಿಕೊಂಡಾಗ ಅದರ ಪಕ್ಕದಿಂದ ತೆಳು ಮಲ ಸೋರಬಹುದು; ಬಹುಕಾಲದ ಮಧುಮೇಹದಿಂದಲೂ ಹಿಡಿತ ಸಡಿಲವಾಗಬಹುದು. ಎನಿಮಾದ ನಂತರ ಜ್ವರ, ತೀವ್ರ ಹೊಟ್ಟೆನೋವು, ರಕ್ತ ಕಂಡರೆ ಆಪ್ತಸಲಹೆಗಾರರ ಬಳಿ ಬರುವುದಲ್ಲ, ಆಸ್ಪತ್ರೆಗೇ ಹೋಗಬೇಕು. ಇವರ ತಪಾಸಣೆಯಲ್ಲಿ ಮಲಬದ್ಧತೆಯ ಹೊರತು ಬೇರೇನೂ ಸಿಗಲಿಲ್ಲ. ಆರೋಗ್ಯವಂತ ಕರುಳನ್ನು ಆಗಾಗ ತೊಳೆಸುವ ಅಗತ್ಯವಿಲ್ಲ, ನೀರು, ನಾರಿನಂಶ ಹೆಚ್ಚಿಸಿ ಎಂದು ವೈದ್ಯರು ಹೇಳಿದರು.

ನಂತರ ಒಂದು ಹಾಳೆಯಲ್ಲಿ ಎರಡು ಉಂಗುರ ಬರೆದು ತೋರಿಸಿದೆ. ಗುದದ ಒಳಗಿನ ಸ್ನಾಯು ತಾನಾಗಿಯೇ ಬಿಗಿಯಾಗಿರುತ್ತದೆ. ಹೊರಗಿನದು ನಮ್ಮ ಹಿಡಿತದಲ್ಲಿರುತ್ತದೆ. ಅಂದು ಜಾರಿದ್ದು ಒಳಗೆ ಬಿಟ್ಟ ನೀರು. ಚಿಕಿತ್ಸೆಯಾದ ಕೆಲವು ತಾಸುಗಳಲ್ಲಿ ಹೀಗಾಗುವುದುಂಟು, ಅದರಿಂದ ಸ್ನಾಯು ಕೆಟ್ಟಿತೆಂದು ಅರ್ಥವಲ್ಲ. ಈಗ ಹೊಟ್ಟೆ ಗುಡುಗುಡು ಎನ್ನುವುದಕ್ಕೆ ಬಹುಪಾಲು ಕಾರಣ ಆತಂಕ. ಗಮನವೆಲ್ಲ ಅಲ್ಲೇ ನೆಟ್ಟಾಗ ಸಣ್ಣ ಚಲನೆಯೂ ಅಪಾಯದಂತೆ ತೋರುತ್ತದೆ. ಓಡಿಹೋಗಿ ಶೌಚಾಲಯದಲ್ಲಿ ಕುಳಿತರೆ ‘ಓಡಿದ್ದರಿಂದಲೇ ಉಳಿದೆ’ ಎಂದು ಮನಸ್ಸು ಕಲಿಯುತ್ತದೆ. ಅವರನ್ನು ಕಟ್ಟಿಹಾಕಿದ್ದು ಆ ಎಚ್ಚರಿಕೆಯೇ.

ಉಪವಾಸವನ್ನು ಮೊದಲು ಬಿಡಿಸಿದೆ. ಅವರಿಗೆ ಅತ್ಯಂತ ಕಷ್ಟವಾದದ್ದೂ ಅದೇ. ತಿಂದ ಮೇಲೆ ದೊಡ್ಡ ಕರುಳು ಸಹಜವಾಗಿ ಚುರುಕಾಗುತ್ತದೆ, ಅದನ್ನೇ ಬಳಸಿಕೊಳ್ಳಬೇಕು. ಮನೆಯಲ್ಲಿಯೇ ಬೇಗ ಜೋಳದ ರೊಟ್ಟಿ, ಪಲ್ಯ ತಿಂದು, ಅರ್ಧ ತಾಸಿನೊಳಗೆ ತಿಣುಕದೆ ಶೌಚಕ್ಕೆ ಕೂತರೆ ಅಂಗಡಿಯ ಹೊತ್ತು ನಿರಾಳವಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಚಹಾ ಕುಡಿದು ಹೊರಟರೆ ಕರುಳು ಅಂಗಡಿಗೆ ಬಂದ ಮೇಲೆ ಎಚ್ಚರಗೊಳ್ಳಬಹುದು. ಇನ್ನು ಹೆದರಿಕೆ ಬಂದಾಗ ಕೂಡಲೇ ಏಳದೆ ಹತ್ತು ನಿಮಿಷ ಕಾಯಬೇಕು. ಆಮೇಲೂ ನಿಜವಾದ ಒತ್ತಡವಿದ್ದರೆ ಹೋಗಬೇಕು. ಬಂದ ಒತ್ತಡವನ್ನು ದಿನಗಟ್ಟಲೆ ತಡೆದರೆ ಮಲಬದ್ಧತೆ ಹೆಚ್ಚುತ್ತದೆ. ಎರಡನೆಯ ಒಳಉಡುಪು ಬೇಡ. ಚೀಲದಲ್ಲಿ ಒಂದು ಜೊತೆ ಬಟ್ಟೆ ಇರಲಿ. ಅದು ಮಳೆಗಾಲಕ್ಕೆ ಕೊಡೆ ಇಟ್ಟುಕೊಂಡಂತೆ.

ಜಾರಿದರೆ ಏನಾಗುತ್ತದೆ ಎಂದು ಬರೆಯಲು ಹೇಳಿದೆ. “ಗಿರಾಕಿಗಳು ನಗುತ್ತಾರೆ, ಮಾಲೀಕರು ಕೆಲಸದಿಂದ ತೆಗೆಯುತ್ತಾರೆ” ಎಂದು ಬರೆದರು. ನಿಮ್ಮ ಜೊತೆಗಾರನಿಗೇ ಹೀಗಾದರೆ ಎಂದಾಗ ಯೋಚಿಸಲೇ ಇಲ್ಲ: “ಸೊಂಟಕ್ಕೆ ಒಂದು ಟವೆಲ್ ಸುತ್ತಿ ಹಿಂದಿನ ಕೋಣೆಗೆ ಕರೆದುಕೊಂಡು ಹೋಗುತ್ತೇನೆ ಮೇಡಂ. ಅದರಲ್ಲೇನಿದೆ?” ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಜೊತೆಗಾರನಿಗೆ ಸಲ್ಲುವ ಈ ಮರ್ಯಾದೆ ನಿಮಗೇಕೆ ಸಲ್ಲಬಾರದು ಎಂದು ಕೇಳಿದೆ. ಮರುವಾರ ಅಂಗಡಿಯ ಒಬ್ಬ ಗೆಳೆಯನಿಗೆ ವಿಷಯ ಹೇಳಿಕೊಂಡು ಬಂದರು. ಅದೊಂದರಿಂದಲೇ ಅವರ ಭಾರ ಎಷ್ಟೋ ಇಳಿದಿತ್ತು.

ಮುಂದಿನದು ಹಂತಹಂತದ ಕೆಲಸ. ಬೆಳಗ್ಗೆ ಗಿರಾಕಿ ಬರುವ ಮುಂಚೆ ಗಾದಿಯ ಮೇಲೆ ಕೂರುವುದು, ಆಮೇಲೆ ಒಬ್ಬ ಗಿರಾಕಿಗೆ ಸೀರೆ ತೋರಿಸುವಷ್ಟು ಹೊತ್ತು. ಚಿಗರಿಯಲ್ಲಿ ಮೊದಲು ಹೆಂಡತಿಯ ಜೊತೆ ಧಾರವಾಡದ ಜ್ಯುಬಿಲಿ ವೃತ್ತದಿಂದ ನಡುದಾರಿಯ ನವನಗರದವರೆಗೆ, ಬಳಿಕ ಒಬ್ಬರೇ ಹುಬ್ಬಳ್ಳಿಗೆ. ಒಂದು ವಾರ ಹಿಂದೆ ಸರಿದರು, ಮತ್ತೆ ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿದೆವು. ಈಗ ದಿನವಿಡೀ ಗಾದಿಯ ಮೇಲೆ ಕೂರುತ್ತಾರೆ, ಬೈಕು ಮನೆಯಲ್ಲಿರುತ್ತದೆ. ದೂರದ ಊರಿನ ಭಯ ಪೂರ್ತಿ ಹೋಗಿಲ್ಲ. ಅದಕ್ಕೆ ಮುಂದಿನ ತಿಂಗಳು ಶೌಚಾಲಯವಿರುವ ರೈಲಿನಲ್ಲಿ ಗದಗಕ್ಕೆ ಹೋಗಿ, ಬರುವಾಗ ಬಸ್ಸು ಹತ್ತುವುದೆಂದು ಅವರೇ ಯೋಜನೆ ಹಾಕಿಕೊಂಡಿದ್ದಾರೆ.